ಹಳದಿ ಗುಂಡು ಮುಖ ತೋರಿಸಿ ನಮ್ಮ ಕೂಸುಗಳಿಗೆ ಯಾರ ಮನಸ್ಸು ಓದಲು ಕಲಿಸುತ್ತಿದ್ದೀರಿ?

ಸಾವಿನ ಮನೆಯಲ್ಲಿ ಏಳು ವರ್ಷದ ಹೈದನೊಬ್ಬ ಕಿಲಕಿಲ ನಕ್ಕರೆ ನಮ್ಮ ಊರುಗಳಲ್ಲಿ ಏನಾಗುತ್ತದೆ ಅನ್ನುವುದು ನಿಮಗೆ ಗೊತ್ತು. ಮೊದಲು ಅವನ ಬೆನ್ನಿಗೆ ಏಟು ಬೀಳುತ್ತದೆ, ಆಮೇಲೆ ಅವನ ಅವ್ವನಿಗೆ ಮಾತು ಬೀಳುತ್ತದೆ. "ಏನವ್ವಾ, ನಿನ್ ಮಗನ್ಗ ಕರುಳು ಅನ್ನದೇ ಇಲ್ವಾ?" ಗುಂಡ್ಲುಪೇಟೆ ತಾಲ್ಲೂಕಿನ ಒಂದು ಊರಲ್ಲಿ ಈ ಮಾತನ್ನು ನಾನೇ ಕೇಳಿಸಿಕೊಂಡಿದ್ದೇನೆ. ತೀರಿಕೊಂಡಿದ್ದು ಆ ಹುಡುಗನ ತಾತ. ಹುಡುಗನಿಗೆ ಆಟಿಸಂ ಇತ್ತು. ಕನ್ನಡದಲ್ಲಿ ಸ್ವಲೀನತೆ ಅನ್ನುತ್ತಾರೆ, ಆದರೆ ಆಸ್ಪತ್ರೆ ಚೀಟಿಯಲ್ಲಿ ಬರೆಯುವುದು ಆಟಿಸಂ ಅಂತಲೇ, ಜನ ಹೇಳುವುದೂ ಹಾಗೆಯೇ.

ಹತ್ತಾರು ಹೆಂಗಸರು ಒಟ್ಟಿಗೆ ದನಿ ತೆಗೆದು ಅತ್ತಾಗ, ತಮಟೆ ಬಡಿದಾಗ, ಮನೆ ತುಂಬ ಗೊತ್ತಿಲ್ಲದ ಮುಖ ತುಂಬಿಕೊಂಡಾಗ ಆ ಹುಡುಗನಿಗೆ ಗಾಬರಿಯಾಗಿತ್ತು. ಗಾಬರಿಗೆ ಕೆಲವು ಮಕ್ಕಳು ಅಳುತ್ತವೆ, ಕೆಲವು ನಗುತ್ತವೆ. ಅದಾದ ಮೇಲೆ ಹದಿನೈದು ದಿನ, ತಾತ ಮಲಗುತ್ತಿದ್ದ ಜಗಲಿಯ ಮೂಲೆ ಬಿಟ್ಟು ಬೇರೆಲ್ಲೂ ಅವನು ಮಲಗಲಿಲ್ಲ ಎಂದು ಅವನ ಅವ್ವ ಹೇಳಿದರು. ಒಂದು ನಗು ಊರಿನ ಲೆಕ್ಕಕ್ಕೆ ಬಂತು. ಹದಿನೈದು ರಾತ್ರಿ ಬರಲಿಲ್ಲ.

ನನ್ನ ಜಗಳ ಇರುವುದು ಈ ಲೆಕ್ಕದ ಮೇಲೆ. ಆಟಿಸಂ ಇರುವ ಮಕ್ಕಳಿಗೆ ಬೇರೆಯವರ ಭಾವನೆ ಗುರುತಿಸಲು ಕಲಿಸಬೇಕು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಈಗ ನಾವು ಕಲಿಸುತ್ತಿರುವ ರೀತಿ ತಪ್ಪು, ಕಲಿಸುವ ಜಾಗ ತಪ್ಪು, ಕಲಿಯಬೇಕಾದವರು ಮಕ್ಕಳು ಮಾತ್ರ ಅಂದುಕೊಂಡಿರುವುದು ಎಲ್ಲಕ್ಕಿಂತ ದೊಡ್ಡ ತಪ್ಪು.

ಮೊದಲು ಈ "ಕರುಳಿಲ್ಲ" ಎನ್ನುವ ಮಾತು ಎಲ್ಲಿಂದ ಬಂತು ನೋಡೋಣ. ಅಮೆರಿಕದಲ್ಲಿದ್ದ ಲಿಯೋ ಕ್ಯಾನರ್ ಎಂಬ ಡಾಕ್ಟರು 1943ರಲ್ಲಿ 11 ಮಕ್ಕಳ ಬಗ್ಗೆ ಬರೆದಾಗ ಆಟಿಸಂ ಎಂಬ ಹೆಸರು ಮಕ್ಕಳಿಗೆ ಅಂಟಿಕೊಂಡಿತು. 1985ರಲ್ಲಿ ಲಂಡನ್ನಿನ ಮೂವರು ಸಂಶೋಧಕರು ಒಂದು ಬೊಂಬೆಯಾಟ ಮಾಡಿದರು. ಸ್ಯಾಲಿ ಎಂಬ ಬೊಂಬೆ ತನ್ನ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಆಚೆ ಹೋಗುತ್ತದೆ. ಆನ್ ಎಂಬ ಬೊಂಬೆ ಆ ಗೋಲಿಯನ್ನು ತೆಗೆದು ಪೆಟ್ಟಿಗೆಯಲ್ಲಿ ಬಚ್ಚಿಡುತ್ತದೆ. ಸ್ಯಾಲಿ ವಾಪಸ್ ಬಂದಾಗ ಗೋಲಿಯನ್ನು ಎಲ್ಲಿ ಹುಡುಕುತ್ತಾಳೆ? ಬುಟ್ಟಿಯಲ್ಲಿ, ಅಲ್ಲವೇ? ಪಾಪ, ಅವಳಿಗೇನು ಗೊತ್ತು. ಆದರೆ ಆಟಿಸಂ ಇದ್ದ 20 ಮಕ್ಕಳಲ್ಲಿ 16 ಮಕ್ಕಳು ಪೆಟ್ಟಿಗೆ ತೋರಿಸಿದರು. ತಮಗೆ ಗೊತ್ತಿರುವುದು ಸ್ಯಾಲಿಗೆ ಗೊತ್ತಿಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ.

ಇಷ್ಟೇ ಆ ಪ್ರಯೋಗ ಹೇಳಿದ್ದು. ಇನ್ನೊಬ್ಬರ ತಲೆಯಲ್ಲಿ ಏನು ಓಡುತ್ತಿದೆ ಎಂದು ಊಹಿಸುವುದು ಈ ಮಕ್ಕಳಿಗೆ ಕಷ್ಟ ಅಂತ. ಅದು ಬಾಯಿಂದ ಬಾಯಿಗೆ ಬರುತ್ತಾ ಬರುತ್ತಾ "ಇವರಿಗೆ ಬೇರೆಯವರ ಮೇಲೆ ಮರುಕವೇ ಇಲ್ಲ" ಅಂತಾಯಿತು. ಗುರುತಿಸುವುದು ಬೇರೆ, ಮರುಗುವುದು ಬೇರೆ. ನಿಮ್ಮ ಅವ್ವನ ಮುಖ ಯಾಕೆ ಸಪ್ಪಗಿದೆ ಎಂದು ನಿಮಗೆ ಗೊತ್ತಾಗದೇ ಇದ್ದರೆ ನೀವು ಏನೂ ಮಾಡುವುದಿಲ್ಲ. ಗೊತ್ತಾದ ಮೇಲೂ ಸುಮ್ಮನಿದ್ದರೆ ಆಗ ಕರುಳಿಲ್ಲ ಅನ್ನಬೇಕು. ಮೊದಲನೆಯದಕ್ಕೆ ಎರಡನೆಯದರ ಹೆಸರಿಟ್ಟು ಈ ಮಕ್ಕಳ ಬೆನ್ನಿಗೆ ಹೊಡೆಯುತ್ತಿದ್ದೇವೆ.

ಈಗ ಕಾರ್ಡಿನ ವಿಷಯಕ್ಕೆ ಬರುತ್ತೇನೆ.

ಪೇಟೆಯ ಥೆರಪಿ ಸೆಂಟರಿಗೆ ಹೋಗಿ, ಯೂಟ್ಯೂಬ್ ತೆರೆಯಿರಿ, ಫೋನಿನಲ್ಲಿ ಆ್ಯಪ್ ಹಾಕಿಕೊಳ್ಳಿ, ಎಲ್ಲ ಕಡೆ ಅದೇ ಹಳದಿ ಗುಂಡು ಮುಖಗಳು. ಬಾಯಿ ಮೇಲಕ್ಕೆ ಬಾಗಿದ್ದರೆ ಹ್ಯಾಪಿ, ಕೆಳಕ್ಕೆ ಬಾಗಿದ್ದರೆ ಸ್ಯಾಡ್, ಹುಬ್ಬು ಗಂಟಾಗಿದ್ದರೆ ಆ್ಯಂಗ್ರಿ. ಇಲ್ಲವೆಂದರೆ ಬಿಳಿ ತೊಗಲಿನ, ಚಿನ್ನದ ಕೂದಲಿನ ಮಕ್ಕಳ ಫೋಟೋ. ನಮ್ಮ ಕಡೆಯ ಮಗು ಅಂಥ ಮುಖವನ್ನು ನಿಜವಾಗಿ ನೋಡುವುದು ಬಂಡೀಪುರದ ರಸ್ತೆಯಲ್ಲಿ, ಸಫಾರಿಗೆ ಬಂದವರ ಕಾರಿನ ಕಿಟಕಿಯಲ್ಲಿ ಮಾತ್ರ.

ಒಬ್ಬ ತಾಯಿ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ: "ಕಾರ್ಡ್ ತೋರ್ಸುದ್ರ ಟಪ್ ಅಂತ ಹೇಳ್ತನ ಸಾ. ಹ್ಯಾಪಿ, ಸ್ಯಾಡು ಎಲ್ಲಾನೂ. ನಾನು ಅತ್ಕಂಡು ಕೂತಿದ್ರ ಮಾತ್ರ ನನ್ ಮುಂದ್ಗಡೇನೆ ಹಾದು ಟಿವಿ ಹಾಕಕ್ಕ ಹೋಯ್ತನ."

ಈ ತಾಯಿ ಒಂದೇ ಮಾತಿನಲ್ಲಿ ಹೇಳಿದ್ದನ್ನು ವಿಜ್ಞಾನಿಗಳು ಬಹಳ ವರ್ಷ ಖರ್ಚು ಮಾಡಿ ಕಂಡುಕೊಂಡಿದ್ದಾರೆ. ಇಂಥ ತರಬೇತಿಗಳ ಮೇಲೆ ನಡೆದ 22 ಪ್ರಯೋಗಗಳನ್ನು ಕೊಕ್ರೇನ್ ಎಂಬ ಸಂಸ್ಥೆ 2014ರಲ್ಲಿ ಒಟ್ಟಿಗೆ ಇಟ್ಟು ನೋಡಿತು. ಮಕ್ಕಳು ಹೇಳಿಕೊಟ್ಟಿದ್ದನ್ನು ಕಲಿಯುತ್ತಾರೆ, ಆದರೆ ಕಲಿತಿದ್ದು ಬಹಳ ದಿನ ಉಳಿಯುತ್ತದೆ, ಬೇರೆ ಜಾಗದಲ್ಲೂ ಬಳಕೆಗೆ ಬರುತ್ತದೆ ಎನ್ನುವುದಕ್ಕೆ ಸಾಕಷ್ಟು ಪುರಾವೆ ಇಲ್ಲ ಎಂಬುದು ಅದರ ಸಾರ. ಕಾರ್ಡಿನ ಪಾಠ ಕಾರ್ಡಿನಲ್ಲೇ ಉಳಿಯಿತು.

ಬ್ರಿಟನ್ನಿನಲ್ಲಿ ಸ್ವಲ್ಪ ಬುದ್ಧಿವಂತಿಕೆಯ ಒಂದು ಪ್ರಯತ್ನ ಆಯಿತು. ಆಟಿಸಂ ಇರುವ ಅನೇಕ ಮಕ್ಕಳಿಗೆ ಗಾಡಿಗಳೆಂದರೆ ಪ್ರಾಣ. ಗಾಲಿ ತಿರುಗುವುದನ್ನು ಗಂಟೆಗಟ್ಟಲೆ ನೋಡುತ್ತಾರೆ. ಅದಕ್ಕೇ ಟ್ರ್ಯಾಮು, ರೈಲು, ಕೇಬಲ್ ಕಾರುಗಳಿಗೆ ನಿಜವಾದ ಮನುಷ್ಯರ ಮುಖ ಅಂಟಿಸಿ 'ಟ್ರಾನ್ಸ್‌ಪೋರ್ಟರ್ಸ್' ಎಂಬ ಕಾರ್ಟೂನ್ ಮಾಡಿದರು. 15 ಕಂತು, 15 ಭಾವನೆ. ನಾಲ್ಕರಿಂದ ಏಳು ವರ್ಷದ ಮಕ್ಕಳು ನಾಲ್ಕು ವಾರ ದಿನಾ ನೋಡಿ ಚೆನ್ನಾಗಿ ಕಲಿತರು ಎಂದು 2010ರಲ್ಲಿ ವರದಿ ಬಂತು. ಆಮೇಲೆ ಆಸ್ಟ್ರೇಲಿಯಾದಲ್ಲಿ, ಕಲಿಕೆ ಇನ್ನೂ ನಿಧಾನ ಇರುವ ಮಕ್ಕಳ ಮೇಲೆ ಅದನ್ನೇ ಪ್ರಯೋಗಿಸಿದಾಗ ಅಷ್ಟು ಲಾಭ ಕಾಣಲಿಲ್ಲ. ಅಂದರೆ ಒಳ್ಳೆಯ ಕಾರ್ಟೂನ್ ಕೂಡ ಒಬ್ಬರಿಗೆ ಹಿಡಿಸಿದರೆ ಇನ್ನೊಬ್ಬರಿಗೆ ಇಲ್ಲ. ಆದರೂ ಅವರು ತಮ್ಮ ಮಕ್ಕಳಿಗೆ ತಮ್ಮ ಊರಿನ ಟ್ರ್ಯಾಮು, ತಮ್ಮ ಜನರ ಮುಖ ಕೊಟ್ಟರು. ನಮ್ಮ ಕೆಂಪು ಬಸ್ಸಿಗೆ ನಮ್ಮೂರ ಕಂಡಕ್ಟರಣ್ಣನ ಮುಖ ಅಂಟಿಸಿ ಕನ್ನಡದಲ್ಲಿ ಮಾತಾಡಿಸಿದ್ದರೆ ಏನಾಗುತ್ತಿತ್ತು? ಅವರ ಗಾಡಿಯನ್ನೇ ಇಂಗ್ಲಿಷ್ ಸಮೇತ ಫೋನಿಗೆ ಇಳಿಸಿಕೊಂಡರೆ ನಮ್ಮ ಮಕ್ಕಳಿಗೆ ಏನು ದಕ್ಕುತ್ತದೆ?

ಇದು ಬರೀ ತೊಗಲಿನ ಬಣ್ಣದ ಮಾತಲ್ಲ. ನಮ್ಮಲ್ಲಿ ಭಾವನೆ ಕೂತಿರುವ ಜಾಗವೇ ಬೇರೆ.

ಯೋಚನೆ ಮಾಡಿ. ನಿಮ್ಮ ಮನೆಯಲ್ಲಿ ಅಪ್ಪನಿಗೆ ಕೋಪ ಬಂದಿದ್ದು ಮುಖದಲ್ಲಿ ಗೊತ್ತಾಗುತ್ತದೋ, ಚಪ್ಪಲಿ ಬಿಡುವ ಸದ್ದಿನಲ್ಲೋ? ಅವ್ವನಿಗೆ ಬೇಜಾರಾಗಿದ್ದು ಪಾತ್ರೆ ಇಡುವ ಸದ್ದಿನಲ್ಲಿ ಗೊತ್ತಾಗುತ್ತದೆ. ಹೊಸದಾಗಿ ಬಂದ ಸೊಸೆ ಅಳುವುದು ಒಲೆ ಮುಂದೆ, ಸೆರಗಿನ ಮರೆಯಲ್ಲಿ, ಕೇಳಿದರೆ "ಹೊಗೆ ಕಣ್ಣಿಗೆ ಹೋಯ್ತು" ಅನ್ನುತ್ತಾಳೆ. ಅಜ್ಜಿ ಮೊಮ್ಮಗನನ್ನು ತಬ್ಬಿಕೊಂಡು "ಮುಂಡೇದೇ, ಎಲ್ಲಿ ಹಾಳಾಗಿ ಹೋಗಿದ್ದೆ ಇಷ್ಟೊತ್ತು" ಅನ್ನುತ್ತಾಳೆ. ಮಾತು ಬೈಗುಳ, ದನಿ ಪ್ರೀತಿ, ಕಣ್ಣಲ್ಲಿ ನೀರು. ಯಾವ ಹಳದಿ ಮುಖ ಇದನ್ನು ಕಲಿಸುತ್ತದೆ?

ನಮ್ಮ ಭಾಷೆಯಂತೂ ಈ ಮಕ್ಕಳಿಗೆ ಹೆಜ್ಜೆ ಹೆಜ್ಜೆಗೂ ಹಳ್ಳ. "ಹೊಟ್ಟೆ ಉರೀತದ" ಅಂದರೆ ನೀರು ತಂದುಕೊಟ್ಟ ಹುಡುಗಿಯನ್ನು ನಾನು ನೋಡಿದ್ದೇನೆ. ಎಲ್ಲರೂ ನಕ್ಕರು. ನನ್ನನ್ನು ಕೇಳಿದರೆ ಆ ಕೋಣೆಯಲ್ಲಿ ಕರುಳಿದ್ದವಳು ಅವಳೊಬ್ಬಳೇ. "ಮೊಕ ಊದಿಸ್ಕಂಡು ಕೂತವ್ಳೆ" ಅಂದರೆ ಇಂಥ ಮಗು ಕೆನ್ನೆ ಮುಟ್ಟಿ ನೋಡುತ್ತದೆ, ಜೇನು ಕಚ್ಚಿರಬೇಕು ಎಂದು. "ಮೊಕ ಸಣ್ಣ ಮಾಡ್ಕಂಡ" ಅಂದರೆ ಅದಕ್ಕೆ ಅರ್ಥವೇ ಆಗುವುದಿಲ್ಲ, ಮುಖ ಇದ್ದಷ್ಟೇ ಇದೆಯಲ್ಲ? ಕೋಪ, ಮುನಿಸು, ಸಿಡಿಮಿಡಿ, ಹುಸಿಮುನಿಸು, ಇವನ್ನೆಲ್ಲ ಬೇರೆ ಬೇರೆ ಮಾಡಿ ಇಟ್ಟುಕೊಂಡಿರುವ ಜನ ನಾವು. ಇದನ್ನೆಲ್ಲ ಆ್ಯಂಗ್ರಿ ಎಂಬ ಒಂದೇ ಕಾರ್ಡಿಗೆ ತುಂಬುತ್ತಿದ್ದೇವೆ.

ಕಾರ್ಡಿನ ಪಾಠದಲ್ಲಿ ಅಪಾಯವೂ ಇದೆ, ಅದನ್ನು ಯಾರೂ ಹೇಳುವುದಿಲ್ಲ. ನಗುವ ಮುಖ ಅಂದರೆ ಖುಷಿ, ಖುಷಿ ಅಂದರೆ ಒಳ್ಳೆಯವರು ಎಂದು ಮಗು ಕಲಿಯುತ್ತದೆ. ಪೋಲಿ ಹುಡುಗರು ಗೇಲಿ ಮಾಡುವಾಗಲೂ ನಗುತ್ತಾರೆ. ಕೆಟ್ಟ ಉದ್ದೇಶದಿಂದ ಮಿಠಾಯಿ ಕೊಡುವವನೂ ನಗುತ್ತಲೇ ಕೊಡುತ್ತಾನೆ. ಹೊಲಕ್ಕೆ ಚೆಂಡುಹೂ ಬಿಡಿಸಲು ಹೋದ ತಾಯಿ ಮಗಳನ್ನು ಮನೆಯಲ್ಲಿ ಬಿಟ್ಟು ಹೋಗಿರುತ್ತಾಳೆ. ಆ ಮಗಳಿಗೆ ಆಟಿಸಂ ಇದೆ ಎಂದು ಊರಿಗೆ ಗೊತ್ತಿಲ್ಲ, ಎಷ್ಟೋ ಸಲ ಮನೆಗೇ ಗೊತ್ತಿರುವುದಿಲ್ಲ. ಹೆಣ್ಣುಮಕ್ಕಳು ಸುಮ್ಮನೆ ಮೂಲೆಯಲ್ಲಿ ಕೂತರೆ "ಒಳ್ಳೆ ಕೂಸು, ಮೆತ್ತಗವ್ಳೆ" ಎಂದು ಹೊಗಳುವವರು ನಾವು. ಆ ಮಗುವಿಗೆ ಮುಖದ ನಗುವನ್ನು ಮಾತ್ರ ಅಲ್ಲ, ಆ ನಗುವಿನ ಜೊತೆ ಕೈ ಏನು ಮಾಡುತ್ತಿದೆ ಎಂದೂ ನೋಡಲು ಕಲಿಸಬೇಕು. ಭಾವನೆ ಗುರುತಿಸುವುದು ಅಲಂಕಾರದ ವಿದ್ಯೆ ಅಲ್ಲ, ಕಾಪಾಡಿಕೊಳ್ಳುವ ವಿದ್ಯೆ.

ಈ ಕಾರಣಕ್ಕೇ ಇನ್ನೊಂದು ಗುಂಪಿನ ಜೊತೆಗೂ ನನಗೆ ಜಗಳ ಇದೆ. ಅದರಲ್ಲಿ ಎರಡು ಬಗೆಯವರಿದ್ದಾರೆ. ಊರಿನವರು "ಮಾದಪ್ಪ ಕೊಟ್ಟದ್ದು, ಹೆಂಗಿದ್ದದೋ ಹಂಗೇ ಇರ್ಲಿ" ಅನ್ನುತ್ತಾರೆ. ನಗರದ ಓದಿದವರಲ್ಲಿ ಕೆಲವರು "ಅವರು ಇರುವ ಹಾಗೇ ಒಪ್ಪಿಕೊಳ್ಳಿ, ಏನೂ ಕಲಿಸಬೇಡಿ" ಅನ್ನುತ್ತಾರೆ. ಎರಡೂ ಮಾತು ಕೇಳಲು ಚೆಂದ. ಆದರೆ ಮೇಷ್ಟ್ರ ಮುಖ ಕೆಂಪಾದಾಗ ನಗುವ ಹುಡುಗನಿಗೆ ಏಟು ಬೀಳುವುದು ತಪ್ಪುವುದಿಲ್ಲ. ಬಸ್ಸಿನಲ್ಲಿ ಪಕ್ಕದವರ ಅಸಹನೆ ಅರ್ಥವಾಗದೆ ಅವರ ಚೀಲದ ಜಿಪ್ ಎಳೆಯುವ ಹದಿನೈದರ ಹುಡುಗನನ್ನು ಜನ ಮಗು ಎಂದು ಬಿಡುವುದಿಲ್ಲ, ಕಳ್ಳ ಎಂದು ಹಿಡಿಯುತ್ತಾರೆ. ಒಪ್ಪಿಕೊಳ್ಳುವುದೂ ಕಲಿಸುವುದೂ ಒಂದಕ್ಕೊಂದು ವೈರಿ ಅಲ್ಲ. ಈಜು ಬಾರದ ಮಗುವನ್ನು ಒಪ್ಪಿಕೊಂಡೇ ಈಜು ಕಲಿಸುತ್ತೇವೆ.

ಹಾಗಾದರೆ ಹೇಗೆ ಕಲಿಸಬೇಕು? ನಾನು ಥೆರಪಿಸ್ಟ್ ಅಲ್ಲ, ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮಾಡಿದವನು. ಮನೆಮನೆ ಸುತ್ತಿ ಕೇಳಿದ್ದು, ಓದಿದ್ದು, ತಿಳಿದವರು ಹೇಳಿದ್ದು, ಅಷ್ಟನ್ನು ಹೇಳಬಲ್ಲೆ.

ಕೇಳುವುದನ್ನು ಕಡಿಮೆ ಮಾಡಿ, ಹೇಳುವುದನ್ನು ಜಾಸ್ತಿ ಮಾಡಿ. "ಇದೇನು ಹೇಳು, ಇದೇನು ಹೇಳು" ಎಂದು ಮಗುವಿಗೆ ದಿನವಿಡೀ ಪರೀಕ್ಷೆ ಇಡುವ ತಂದೆತಾಯಿ ಬಹಳ. ಅದರ ಬದಲು ಆದ ಕ್ಷಣದಲ್ಲೇ ಹೆಸರಿಟ್ಟು ಹೇಳಿ. "ಅವ್ವನ ಕಾಲಿಗೆ ಕಲ್ಲು ತಾಗ್ತು. ನೋವಾಯ್ತು. ಅದಕ್ಕೇ ಅವ್ವ ಹಿಂಗೆ ಮುಖ ಮಾಡಿದ್ದು." ಮುಖದ ಹೆಸರಿಗಿಂತ ಆ "ಅದಕ್ಕೇ" ಮುಖ್ಯ. ಏನಾಯಿತು, ಅದಕ್ಕೆ ಏನನ್ನಿಸಿತು, ಹಾಗನ್ನಿಸಿದಾಗ ಜನ ಏನು ಮಾಡುತ್ತಾರೆ ಎಂಬ ಸರಣಿ ಮಗುವಿನ ತಲೆಯಲ್ಲಿ ಕೂತರೆ, ಮುಖ ಸರಿಯಾಗಿ ಕಾಣದೇ ಇದ್ದರೂ ಅದು ಊಹಿಸಬಲ್ಲದು. ಅನೇಕ ಆಟಿಸಂ ಮಕ್ಕಳು ನಿಯಮವನ್ನು ನಮಗಿಂತ ಗಟ್ಟಿಯಾಗಿ ಹಿಡಿಯುತ್ತಾರೆ. ಕಾರಣ ಗೊತ್ತಾದರೆ ಅದನ್ನೂ ಹಾಗೇ ಹಿಡಿಯುತ್ತಾರೆ.

ಅದಕ್ಕೂ ಮೊದಲು ಮಗುವಿನ ಸ್ವಂತ ಭಾವನೆಗೆ ಹೆಸರು ಕೊಡಿ. ಕುಕ್ಕರ್ ಕೂಗಿದಾಗ ಕಿವಿ ಮುಚ್ಚಿಕೊಂಡರೆ "ನಿನಗೆ ಹೆದರಿಕೆ ಆಯ್ತು" ಎನ್ನಿ. ತನ್ನೊಳಗೆ ಆಗುತ್ತಿರುವುದಕ್ಕೇ ಹೆಸರು ಗೊತ್ತಿಲ್ಲದ ಮಗು ಇನ್ನೊಬ್ಬರ ಮುಖದಲ್ಲಿ ಅದನ್ನು ಎಲ್ಲಿಂದ ಹುಡುಕೀತು? ಆಟಿಸಂ ಇರುವ ಎಷ್ಟೋ ಜನರಿಗೆ ತಮ್ಮದೇ ಭಾವನೆಗೆ ಹೆಸರಿಡುವುದು ಕಷ್ಟ, ಬೇರೆಯವರ ಮುಖ ಓದಲು ಆಗದಿರುವುದಕ್ಕೂ ಅದಕ್ಕೂ ನಂಟಿದೆ ಎಂದು ಸಂಶೋಧಕರೂ ಹೇಳುತ್ತಾರೆ.

ಕಾರ್ಡೇ ಬೇಕೆಂದರೆ ನಿಮ್ಮ ಫೋನೇ ಕಾರ್ಡು. ಮನೆಯ ನಾಲ್ಕು ಜನರ ಮುಖ ತೆಗೆಯಿರಿ, ನಾಟಕದ ಮುಖ ಅಲ್ಲ, ನಿಜವಾಗಿ ನಕ್ಕಾಗ, ದಣಿದಾಗ, ಸಿಟ್ಟಾದಾಗ ತೆಗೆದದ್ದು. ಒಂದೇ ಸಿಟ್ಟು ಅಪ್ಪನಲ್ಲಿ ಹೇಗಿದೆ, ಚಿಕ್ಕಪ್ಪನಲ್ಲಿ ಹೇಗಿದೆ, ಅಕ್ಕನಲ್ಲಿ ಹೇಗಿದೆ ಎಂದು ಪಕ್ಕಪಕ್ಕ ತೋರಿಸಿ. ಆಮೇಲೆ ಮನೆಯಿಂದಾಚೆ, ಅಂಗಡಿ, ನೀರಿನ ಟ್ಯಾಂಕ್ ಹತ್ತಿರ, ಸಂತೆ. ಒಂದು ವಾರಕ್ಕೆ ಒಂದೇ ಭಾವನೆ ಸಾಕು, ಅವಸರ ಬೇಡ.

ಹಳೆಯ ಸಿನಿಮಾ ಕೂಡ ಒಳ್ಳೆಯ ಪಾಠ. ಡಾ. ರಾಜ್‌ಕುಮಾರ್ ಅವರ ಊರು ಗಾಜನೂರು ನಮ್ಮ ಜಿಲ್ಲೆಯ ಗಡಿಗೆ ಅಂಟಿಕೊಂಡೇ ಇದೆ. ಅವರ ಮುಖ ಗೊತ್ತಿಲ್ಲದ ಮನೆ ನಮ್ಮಲ್ಲಿ ಇಲ್ಲ. ಆ ಕಾಲದ ನಟರು ಭಾವವನ್ನು ದೊಡ್ಡದಾಗಿ, ನಿಧಾನವಾಗಿ ತೋರಿಸುತ್ತಿದ್ದರು. ವಿಡಿಯೋ ನಿಲ್ಲಿಸಿ, "ಅಣ್ಣಾವ್ರಿಗೆ ಈಗ ದುಃಖ ಆಗಿದೆ, ಯಾಕಂದ್ರೆ ಅವರ ಅವ್ವ ದೂರ ಹೋದ್ರು" ಎಂದು ಹೇಳಿ ಮತ್ತೆ ಓಡಿಸಿ. ಆದರೆ 'ಕಸ್ತೂರಿ ನಿವಾಸ'ದಿಂದ ಶುರು ಮಾಡಬೇಡಿ. ಒಳಗೆ ಅಳುತ್ತಾ ಹೊರಗೆ ನಗುವ ಆ ಮುಖ ಓದುವುದು ನಮಗೇ ಕಷ್ಟ.

ಗುರುತಿಸಿದ ಮೇಲೆ ಏನು ಮಾಡಬೇಕು ಎಂದೂ ಹೇಳಿಕೊಡಿ. ಇದನ್ನು ಎಲ್ಲರೂ ಮರೆಯುತ್ತಾರೆ. "ಅಳ್ತಿದ್ದಾರೆ" ಎಂದು ಹೇಳಿ ನಿಂತುಬಿಟ್ಟರೆ ಏನು ಬಂತು? ಯಾರಾದರೂ ಅಳುತ್ತಿದ್ದರೆ ಹತ್ತಿರ ಹೋಗಿ ಕೂತುಕೋ, ನೀರು ಬೇಕಾ ಕೇಳು. ಯಾರಾದರೂ ಕೂಗಾಡುತ್ತಿದ್ದರೆ ದೂರ ಬಾ. ಇಷ್ಟು ಸರಳವಾದ ಎರಡು ಮಾತು.

ಮತ್ತೆ ಆ "ಕಣ್ಣಲ್ಲಿ ಕಣ್ಣಿಟ್ಟು ನೋಡು" ಎಂಬ ಹಿಂಸೆ. ಗಲ್ಲ ಹಿಡಿದು ಮುಖ ತಿರುಗಿಸುವುದನ್ನು ದಯವಿಟ್ಟು ಬಿಡಿ. ಕಣ್ಣು ನೋಡುವುದು ಮೈಗೆ ಬೆಂಕಿ ತಾಗಿದ ಹಾಗಾಗುತ್ತದೆ ಎಂದು ಆಟಿಸಂ ಇರುವ ದೊಡ್ಡವರು ಎಷ್ಟೋ ಜನ ಹೇಳಿಕೊಂಡಿದ್ದಾರೆ. ಇದರಲ್ಲಿ ನಗೆ ಬರುವಂಥದ್ದೂ ಒಂದಿದೆ. ಉಳಿದ ಮಕ್ಕಳಿಗೆ ನಾವು ಕಲಿಸುವುದು ಏನು? "ದೊಡ್ಡೋರನ್ನ ಹಂಗೆ ದಿಟ್ಟಿಸಿ ನೋಡ್ತೀಯಾ, ತಲೆ ತಗ್ಗಿಸು" ಎಂದು. ಆಟಿಸಂ ಇರುವ ಮಗುವಿಗೆ ಮಾತ್ರ ಡಾಕ್ಟರ್, ಟೀಚರ್, ದೊಡ್ಡಪ್ಪ ಎಲ್ಲರ ಕಣ್ಣನ್ನೂ ದಿಟ್ಟಿಸಿ ನೋಡುವ ಶಿಕ್ಷೆ.

ಇನ್ನು ನಮ್ಮ ಪಾಲಿನ ಪಾಠ. ಡೇಮಿಯನ್ ಮಿಲ್ಟನ್ ಎಂಬ ಬ್ರಿಟಿಷ್ ಸಮಾಜಶಾಸ್ತ್ರಜ್ಞ, ಅವರಿಗೇ ಆಟಿಸಂ ಇದೆ, 2012ರಲ್ಲಿ ಒಂದು ಪ್ರಶ್ನೆ ಎತ್ತಿದರು. ಇವರಿಗೆ ನಮ್ಮ ಮನಸ್ಸು ಅರ್ಥವಾಗುವುದಿಲ್ಲ ಅನ್ನುತ್ತೀರಲ್ಲ, ನಿಮಗೆ ಇವರ ಮನಸ್ಸು ಅರ್ಥವಾಗುತ್ತದಾ? ಅರ್ಥವಾಗದಿರುವುದು ಎರಡೂ ಕಡೆ ಎಂಬುದು ಅವರ ವಾದ. 2020ರಲ್ಲಿ ಎಡಿನ್‌ಬರೋದಲ್ಲಿ ನಾವು ಚಿಕ್ಕಂದಿನಲ್ಲಿ ಆಡುತ್ತಿದ್ದ ಕಿವಿಮಾತಿನ ಆಟದಂಥದ್ದೇ ಪ್ರಯೋಗ ಮಾಡಿದರು, ಒಬ್ಬರು ಇನ್ನೊಬ್ಬರಿಗೆ ಕಥೆ ದಾಟಿಸುವುದು. ಆಟಿಸಂ ಇರುವವರೇ ಸಾಲಾಗಿ ಕೂತು ದಾಟಿಸಿದಾಗ ಉಳಿದವರಷ್ಟೇ ಚೆನ್ನಾಗಿ ದಾಟಿಸಿದರು. ಅವರಿಗೆ ಸಂವಹನವೇ ಬರುವುದಿಲ್ಲ ಎಂಬ ಮಾತು ಅಲ್ಲಿಗೆ ಬಿತ್ತು.

ಸರ್ಕಾರದ ಅಳತೆಗೋಲನ್ನೇ ನೋಡಿ. ಆಟಿಸಂ ಪ್ರಮಾಣಪತ್ರ ಕೊಡಲು ನಮ್ಮ ದೇಶದಲ್ಲಿ ಬಳಸುವ ಐಎಸ್‌ಎಎ ಎಂಬ ಪಟ್ಟಿಯಲ್ಲಿ 40 ಅಂಶಗಳಿವೆ. 40ಕ್ಕೆ 40ರಲ್ಲೂ ಅಳೆಯುವುದು ಮಗುವನ್ನೇ. ಆ ಮಗು ಹೆದರಿದಾಗ ನಗುತ್ತದೆ ಎಂದು ಮೇಷ್ಟ್ರಿಗೆ ಗೊತ್ತಿದೆಯಾ, ಕೈ ಅಲ್ಲಾಡಿಸಿದರೆ ಅದು ಖುಷಿ ಎಂದು ಅಂಗನವಾಡಿ ಟೀಚರಮ್ಮನಿಗೆ ಗೊತ್ತಿದೆಯಾ ಎಂದು ಅಳೆಯುವ ಒಂದೇ ಒಂದು ಅಂಶ ಯಾವ ಪಟ್ಟಿಯಲ್ಲೂ ಇಲ್ಲ.

ಈಗ ಸರ್ಕಾರದ ಬಾಗಿಲಿಗೆ ಹೋಗೋಣ.

ನೂರು ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಆಟಿಸಂ ಇರುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. 2011ರ ಜನಗಣತಿಯಲ್ಲಿ ಚಾಮರಾಜನಗರ ಜಿಲ್ಲೆಯ ಜನಸಂಖ್ಯೆ 10 ಲಕ್ಷ 20 ಸಾವಿರ. ಅದರಲ್ಲಿ ಐದರಲ್ಲೊಂದು ಪಾಲು ಮಕ್ಕಳು ಎಂದು ಹಿಡಿದರೂ ಎರಡು ಲಕ್ಷ. ನೂರಕ್ಕೊಂದು ಎಂದರೆ ಎರಡು ಸಾವಿರ ಮಕ್ಕಳು. ಇದು ನನ್ನ ಕೈಲೆಕ್ಕ, ಸರ್ಕಾರದ ಲೆಕ್ಕ ಅಲ್ಲ. ಸರ್ಕಾರದ ಲೆಕ್ಕ ಬೇರೆ ಇದ್ದರೆ ಸಂತೋಷ, ಹೊರಗಿಡಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಕಲಮಿನಲ್ಲೇ ಶಾಲಾ ಮಕ್ಕಳ ಸಮೀಕ್ಷೆಯನ್ನು ಐದು ವರ್ಷಕ್ಕೊಮ್ಮೆ ಮಾಡಬೇಕು ಎಂದಿದೆ. 1995ರ ಹಳೆಯ ಕಾಯ್ದೆಯ ಏಳು ವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇರಲೇ ಇಲ್ಲ. ಹೊಸ ಕಾಯ್ದೆಯ 21ರ ಪಟ್ಟಿಯಲ್ಲಿ ಇದೆ. ಕಾಗದಕ್ಕೆ ಬಂತು, ಕೇರಿಗೆ ಬರಲಿಲ್ಲ.

ನಮ್ಮವರಿಗೆ ಗೊತ್ತಿರುವ ದಾರಿ ಒಂದೇ, ಮೈಸೂರಿನದು. ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಒಳ್ಳೆಯ ಸಂಸ್ಥೆ, ದೇಶದ ಎಲ್ಲೆಲ್ಲಿಂದಲೋ ಜನ ಅಲ್ಲಿಗೆ ಬರುತ್ತಾರೆ. ಇಷ್ಟು ಹತ್ತಿರ ಇರುವುದು ನಮ್ಮ ಪುಣ್ಯ ಎಂದೇ ಹೇಳುತ್ತೇನೆ. ಆದರೆ ಹತ್ತಿರ ಎಂದರೆ ಗುಂಡ್ಲುಪೇಟೆಯಿಂದ ಬೇಗೂರು, ನಂಜನಗೂಡು ದಾಟಿ ಸುಮಾರು 60 ಕಿಲೋಮೀಟರ್. ಅದಕ್ಕೂ ಮೊದಲು ಹಳ್ಳಿಯಿಂದ ಪೇಟೆಗೆ ಬರಬೇಕು. ಬಸ್ಸಿನ ಸದ್ದು, ನೂಕುನುಗ್ಗಲು ತಡೆಯಲಾಗದ ಮಗುವನ್ನು ತೊಡೆಯ ಮೇಲೆ ಹಿಡಿದುಕೊಂಡು, ಒಂದು ದಿನದ ಕೂಲಿ ಬಿಟ್ಟು ಹೋಗಬೇಕು. ವಾರಕ್ಕೆ ಎರಡು ದಿನ ಬನ್ನಿ ಎಂದರೆ ವಾರಕ್ಕೆ ಎರಡು ಕೂಲಿ ಹೋಯಿತು. ಮೂರು ತಿಂಗಳಿಗೆ ಬಿಟ್ಟುಬಿಡುತ್ತಾರೆ. ಬಿಟ್ಟವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ದಾರಿ ಮೈಸೂರಿನಿಂದ ನಮ್ಮ ಕಡೆಗೆ ಬರಬೇಕು. ಬರಲು ಸಾಧ್ಯ ಎನ್ನುವುದಕ್ಕೆ ಪುರಾವೆಯೂ ಇದೆ. ಗೋವಾದ ಸಂಗಾತ್ ಸಂಸ್ಥೆಯವರು ಮತ್ತು ಪಾಕಿಸ್ತಾನದ ರಾವಲ್ಪಿಂಡಿಯವರು ಸೇರಿ 'ಪಾಸ್' ಎಂಬ ಪ್ರಯೋಗ ಮಾಡಿದರು, 2015ರ ಕೊನೆಯಲ್ಲಿ 'ಲ್ಯಾನ್ಸೆಟ್ ಸೈಕಿಯಾಟ್ರಿ' ಪತ್ರಿಕೆಯಲ್ಲಿ ಪ್ರಕಟವಾಯಿತು. 65 ಮಕ್ಕಳು, ಎರಡರಿಂದ ಒಂಬತ್ತು ವರ್ಷದವರು. ಮನೆಗಳಿಗೆ ಹೋಗಿದ್ದು ದೊಡ್ಡ ಡಾಕ್ಟರುಗಳಲ್ಲ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು. ತಾಯಿ ಮಗು ಆಡುವುದನ್ನು ವಿಡಿಯೋ ಮಾಡಿ, ತಾಯಿಯ ಜೊತೆಯೇ ಕೂತು ನೋಡಿ, "ಇಲ್ಲಿ ನೋಡಿ, ನಿಮ್ಮ ಮಗು ನಿಮ್ಮ ಕಡೆ ಕೈ ಚಾಚಿತು, ನಿಮಗೆ ಕಾಣಲಿಲ್ಲ" ಎಂದು ತೋರಿಸಿಕೊಟ್ಟರು. ಅಂದರೆ ಮೊದಲು ಕಲಿತದ್ದು ತಾಯಿ, ಮಗುವಿನ ಮನಸ್ಸು ಓದಲು. ತಾಯಂದಿರು ಮಗುವಿಗೆ ಹೊಂದಿಕೊಂಡು ಸ್ಪಂದಿಸುವುದು ಹೆಚ್ಚಿತು, ಮಕ್ಕಳು ತಾವಾಗಿಯೇ ತಾಯಿಯ ಜೊತೆ ಮಾತುಕತೆ ಶುರು ಮಾಡುವುದು ಹೆಚ್ಚಿತು. ಎಲ್ಲ ಅಂಶದಲ್ಲೂ ಗೆಲುವು ಬರಲಿಲ್ಲ, ಅದು ಭಾವನೆ ಗುರುತಿಸುವುದನ್ನು ಅಳೆದ ಪ್ರಯೋಗವೂ ಅಲ್ಲ. ಆದರೆ ಪದವಿ ಇಲ್ಲದ ಊರಿನ ಕಾರ್ಯಕರ್ತರು ಮನೆಯಲ್ಲೇ ಈ ಕೆಲಸ ಮಾಡಬಲ್ಲರು ಎಂದು ಅದು ತೋರಿಸಿತು.

ಅಂಥ ಕಾರ್ಯಕರ್ತರು ನಮ್ಮಲ್ಲಿ ಇದ್ದಾರಾ? ಇದ್ದಾರೆ! ಗ್ರಾಮ ಪಂಚಾಯಿತಿಗೆ ಒಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ನಾವು ವಿಆರ್‌ಡಬ್ಲ್ಯು ಅನ್ನುವವರು. ಅವರಲ್ಲಿ ಬಹಳಷ್ಟು ಜನ ಸ್ವತಃ ಅಂಗವಿಕಲರು, ಕೈಗೆ ಬರುವುದು ಅಲ್ಪ ಗೌರವಧನ. ಅವರಿಂದ ನಾವು ಮಾಡಿಸುತ್ತಿರುವ ಕೆಲಸ ಪಿಂಚಣಿ ಅರ್ಜಿ, ಯುಡಿಐಡಿ ಕಾರ್ಡಿನ ಅರ್ಜಿ, ಪಟ್ಟಿ ಬರೆಯುವುದು. ಶಿಕ್ಷಣ ಇಲಾಖೆಯಲ್ಲಿ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರಿದ್ದಾರೆ, ಬ್ಲಾಕಿಗೆ ಬೆರಳೆಣಿಕೆಯಷ್ಟು. ಕಣ್ಣು ಕಾಣದ ಮಗು, ಕಿವಿ ಕೇಳದ ಮಗು, ನಡೆಯಲಾಗದ ಮಗು, ಆಟಿಸಂ ಮಗು, ಎಲ್ಲಕ್ಕೂ ಅವರೇ. ಪ್ರಾಥಮಿಕ ಹಂತದಲ್ಲಿ ಹತ್ತು ವಿಶೇಷ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು, ಮುಂದಿನ ತರಗತಿಗಳಲ್ಲಿ 15ಕ್ಕೆ ಒಬ್ಬರು ಇರಬೇಕೆಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರಿನಲ್ಲೇ ಹೇಳಿದೆ. ನಿಮ್ಮೂರಿನ ಶಾಲೆಗೆ ಅಂಥವರು ಎಷ್ಟು ಸಲ ಬಂದರು ಎಂದು ಹಾಜರಿ ಪುಸ್ತಕ ಕೇಳಿ ನೋಡಿ. ಅಂಗನವಾಡಿಗಳಲ್ಲಿ ಅಂಗವಿಕಲ ಮಕ್ಕಳನ್ನು ಬೇಗ ಗುರುತಿಸಿ ಸೇರಿಸಿಕೊಳ್ಳುವ ವಿಧಾನ ಹೇಗಿರಬೇಕು ಎಂದು ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಕೈಪಿಡಿ ಬಿಡುಗಡೆ ಮಾಡಿತು. ಪೋಷಣ್ ಆ್ಯಪಿಗೆ ಫೋಟೋ ಹಾಕಿ ಹಾಕಿ ಬೆರಳು ಸವೆಸಿಕೊಂಡಿರುವ ಟೀಚರಮ್ಮನಿಗೆ ಅದನ್ನು ಓದಲು ಯಾವ ಗಂಟೆ ಬಿಟ್ಟಿದ್ದೀರಿ?

ನಾನು ಕೇಳುತ್ತಿರುವುದು ಕಟ್ಟಡ ಅಲ್ಲ. ಪ್ರತಿ ತಾಲ್ಲೂಕಿನಲ್ಲಿ ವಿಆರ್‌ಡಬ್ಲ್ಯುಗಳಿಗೆ, ಅಂಗನವಾಡಿಯವರಿಗೆ, ಆಶಾ ಕಾರ್ಯಕರ್ತೆಯರಿಗೆ ವರ್ಷಕ್ಕೆ ಕೆಲವು ದಿನ ಆಟಿಸಂ ತರಬೇತಿ, ಮೈಸೂರಿನ ಸಂಸ್ಥೆಯ ತಜ್ಞರಿಂದಲೇ. ಆ ಕೆಲಸಕ್ಕೆ ಪ್ರತ್ಯೇಕ ಗೌರವಧನ, ಬಿಟ್ಟಿ ಅಲ್ಲ. ನಮ್ಮ ಕಡೆಯ ಮುಖ, ನಮ್ಮ ಕಡೆಯ ಮಾತು ಇರುವ ಸಣ್ಣ ವಿಡಿಯೋಗಳು, ಸೋಲಿಗರ ಪೋಡಿನ ಮಗುವಿಗೆ ಸೋಲಿಗರ ಮುಖ ಇರುವಂಥವು. ಫೋನ್ ಎಲ್ಲರ ಕೈಯಲ್ಲಿದೆ, ಇದಕ್ಕೆ ಕೋಟಿಗಟ್ಟಲೆ ಬೇಕಿಲ್ಲ. ಏಪ್ರಿಲ್ 2ರ ಆಟಿಸಂ ಜಾಗೃತಿ ದಿನಕ್ಕೆ ಹಾಕುವ ಫ್ಲೆಕ್ಸ್, ಶಾಮಿಯಾನ, ಹಾರ, ಶಾಲಿನ ದುಡ್ಡಿನಿಂದಲೇ ಶುರು ಮಾಡಬಹುದು. ಆಟಿಸಂ ಇರುವ ಮಕ್ಕಳನ್ನೇ ಬಿಸಿಲಲ್ಲಿ, ಮೈಕಿನ ಅಬ್ಬರದಲ್ಲಿ ಜಾಥಾ ನಡೆಸುವುದನ್ನು ನೋಡಿದಾಗಲೆಲ್ಲ ನನಗೆ ಅನ್ನಿಸುವುದು, ಇಲ್ಲಿ ಬೇರೆಯವರ ಭಾವನೆ ಅರ್ಥವಾಗದೇ ಇರುವವರು ಯಾರು ಎಂದು.

ಪಂಚಾಯಿತಿಗಳು ಅಂಗವಿಕಲರ ಕಲ್ಯಾಣಕ್ಕೆಂದೇ ಶೇ 5ರಷ್ಟು ಹಣ ಇಡಬೇಕು. ಅದು ಸಾಮಾನ್ಯವಾಗಿ ಸಲಕರಣೆಗೆ, ಚಿಕಿತ್ಸೆಯ ಸಹಾಯಕ್ಕೆ ಹೋಗುತ್ತದೆ, ಹೋಗಲಿ, ಅದೂ ಬೇಕು. ಆದರೆ ಆಟಿಸಂ ಮಗುವಿಗೆ ಗಾಲಿಕುರ್ಚಿ ಕೊಟ್ಟು ಫೋಟೋ ತೆಗೆಯಲು ಆಗುವುದಿಲ್ಲ, ಹಾಗಾಗಿ ಆ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ. ಮುಂದಿನ ಗ್ರಾಮಸಭೆಗೆ ಹೋಗುವಾಗ ಮೂರು ಪ್ರಶ್ನೆ ಇಟ್ಟುಕೊಂಡು ಹೋಗಿ. ನಮ್ಮ ಪಂಚಾಯಿತಿಯಲ್ಲಿ ಆಟಿಸಂ ಎಂದು ದಾಖಲಾದ ಮಕ್ಕಳು ಎಷ್ಟು? ನಮ್ಮ ವಿಆರ್‌ಡಬ್ಲ್ಯುಗೆ ಆಟಿಸಂ ಬಗ್ಗೆ ಎಷ್ಟು ದಿನ ತರಬೇತಿ ಆಗಿದೆ? ಶೇ 5ರ ಹಣದಲ್ಲಿ ಈ ಮಕ್ಕಳಿಗೆ ಹೋದ ವರ್ಷ ಎಷ್ಟು ಖರ್ಚಾಯಿತು? ಪಿಡಿಒ ಸಾಹೇಬರು "ಮಾಹಿತಿ ಇಲ್ಲ" ಅಂದರೆ ಅದೂ ಉತ್ತರವೇ. ಆ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ಫೋಟೋ ತೆಗೆದು ನಮಗೆ ಕಳಿಸಿ. ಪಂಚಾಯಿತಿಯ ಹೆಸರು ಹಾಕಿಯೇ ಇಲ್ಲಿ ಪ್ರಕಟಿಸುತ್ತೇವೆ. ಮಗುವಿನ ಹೆಸರು ಮಾತ್ರ ಕಳಿಸಬೇಡಿ.